ದೊಡ್ಡ ಗೆಂಡೆ ಗಾಳಕ್ಕೆ ಬೀಳಬೇಕಾದರೆ

ಗಾಳ ಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. “ಬೀಳುವುದೆಲ್ಲ ಅಂಗೈ ಅಗಲದ ಮರಿಗಳೇ, ದೊಡ್ಡದೇಕೆ ಬೀಳುವುದಿಲ್ಲ?” ಎಂಬುದು ಒಂದು. “ದೊಡ್ಡದು ಬಿದ್ದಿತ್ತು, ದಾರ ಹರಿದುಕೊಂಡು ಹೋಯಿತು” ಎಂಬುದು ಇನ್ನೊಂದು. ಅದು ಪ್ರಶ್ನೆಗಿಂತ ಹೆಚ್ಚಾಗಿ ಅಳಲು. ಎರಡೂ ಬಹುಮಟ್ಟಿಗೆ ಗಾಳ ನೀರಿಗೆ ಬೀಳುವ ಮೊದಲೇ ತೀರ್ಮಾನವಾಗಿರುತ್ತವೆ.

ಯಾವ ನೀರಿನಲ್ಲೇ ಆಗಲಿ ಚಿಕ್ಕ ಮೀನು ಹೆಚ್ಚು, ದೊಡ್ಡದು ಕಡಿಮೆ. ಚಿಕ್ಕವು ಸದಾ ಹಸಿದಿರುತ್ತವೆ, ಎರೆ ಬಿದ್ದ ಕಡೆಗೆ ಮೊದಲು ಓಡಿ ಬರುವುದೂ ಅವೇ. ದೊಡ್ಡ ಗೆಂಡೆ ನಿಧಾನವಾಗಿ ಬರುತ್ತದೆ, ಸುತ್ತ ನೋಡುತ್ತದೆ, ಅನುಮಾನ ಬಂದರೆ ಹೊರಟುಹೋಗುತ್ತದೆ. ಹಾಗಾಗಿ ದೊಡ್ಡ ಮೀನು ಹಿಡಿಯುವ ವಿದ್ಯೆಯಲ್ಲಿ ಅರ್ಧದಷ್ಟು ಚಿಕ್ಕ ಮೀನನ್ನು ಹಿಡಿಯದಿರುವ ವಿದ್ಯೆಯೇ.

ಇಲ್ಲಿ ಹೇಳಿರುವುದು ನಿಂತ ನೀರಿನ ಗೆಂಡೆ ಜಾತಿಯ ಮೀನುಗಳಿಗೆ, ಅದರಲ್ಲೂ ಕಾಮನ್ ಕಾರ್ಪಿಗೆ. ಅದೇ ಬಳಗದ ಟೆಂಚ್, ಬ್ರೀಮ್ ಮೀನುಗಳಿಗೂ ಸಾಮಾನು ಸ್ವಲ್ಪ ತೆಳುಮಾಡಿಕೊಂಡರೆ ಇದೇ ದಾರಿ ನಡೆಯುತ್ತದೆ. ಬೇಟೆಯಾಡಿ ತಿನ್ನುವ ಮೀನುಗಳ ಲೆಕ್ಕವೇ ಬೇರೆ, ಅವುಗಳ ಮಾತು ಇಲ್ಲಿಲ್ಲ.

ಬೇಕಾದ ಸಾಮಾನು

ಕೋಲು: 11ರಿಂದ 12 ಅಡಿ ಉದ್ದ, ‘ಟೆಸ್ಟ್ ಕರ್ವ್’ 2ರಿಂದ 2.75 ಪೌಂಡ್. ಕೋಲಿನ ತುದಿಯನ್ನು ಬುಡಕ್ಕೆ ಲಂಬಕೋನವಾಗುವಷ್ಟು ಬಗ್ಗಿಸಲು ಎಷ್ಟು ತೂಕ ಬೇಕೋ ಅದೇ ಟೆಸ್ಟ್ ಕರ್ವ್. ಇದು ಹೆಚ್ಚಿದಷ್ಟೂ ಕೋಲು ಬಿರುಸು. ತೀರಾ ಬಿರುಸಾದ ಕೋಲು ದೂರ ಎಸೆಯುತ್ತದೆ, ಆದರೆ ಮೀನು ದಡದ ಹತ್ತಿರ ಒಮ್ಮೆಲೇ ಎಳೆದಾಗ ಬಾಗಿಕೊಡದೆ ಕೊಕ್ಕೆಯನ್ನು ಬಾಯಿಂದ ಕಿತ್ತುಬಿಡುತ್ತದೆ. 30–40 ಮೀಟರ್ ಒಳಗೆ ಗಾಳ ಹಾಕುವವರಿಗೆ 2.25 ಪೌಂಡಿನದು ಸಾಕು.

ರೀಲು: 200 ಮೀಟರ್ ದಾರ ಹಿಡಿಯುವಂಥದ್ದು, ಡ್ರ್ಯಾಗ್ ನಯವಾಗಿ ಬಿಡುವಂಥದ್ದು. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಚಕ್ರ ತಾನೇ ಜಾರಿ ದಾರ ಬಿಡುವ ವ್ಯವಸ್ಥೆಗೆ ಡ್ರ್ಯಾಗ್ ಎನ್ನುತ್ತಾರೆ. ರೀಲು ಕೊಳ್ಳುವಾಗ ನೋಡಬೇಕಾದದ್ದು ಇದೊಂದನ್ನೇ. ಬೇರಿಂಗ್ ಎಷ್ಟಿವೆ ಎಂಬ ಲೆಕ್ಕ ಡಬ್ಬಿಯ ಮೇಲಿನ ಅಲಂಕಾರ.

ದಾರ: 12ರಿಂದ 15 ಪೌಂಡ್ ಎಳೆತ ತಡೆಯುವ, ಒಂಟಿ ಎಳೆಯ ನೈಲಾನ್ ದಾರ. ದಪ್ಪ 0.30ರಿಂದ 0.35 ಮಿಲಿಮೀಟರ್. ಹೆಣೆದ ಬ್ರೇಡ್ ದಾರ ಇದೇ ದಪ್ಪದಲ್ಲಿ ಇನ್ನೂ ಬಲಶಾಲಿ ನಿಜ, ಆದರೆ ಅದು ಹಿಗ್ಗುವುದಿಲ್ಲ, ಕಲ್ಲಿನ ಅಂಚಿಗೆ ಉಜ್ಜಿದರೆ ಬೇಗ ಸವೆಯುತ್ತದೆ. ಕಲಿಯುವವರಿಗೆ ನೈಲಾನೇ ಸರಿ. ಅದರ ಹಿಗ್ಗು ನಿಮ್ಮ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಕೊಕ್ಕೆ: 8, 6, 4ನೇ ನಂಬರು. ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದು ಎಂಬುದನ್ನು ಹೊಸಬರು ಮರೆಯುತ್ತಾರೆ. ದಪ್ಪ ತಂತಿಯ ಕೊಕ್ಕೆಯನ್ನೇ ಆರಿಸಿ, ತೆಳು ತಂತಿಯದು ದೊಡ್ಡ ಮೀನಿನ ಕೈಯಲ್ಲಿ ನೇರವಾಗಿಬಿಡುತ್ತದೆ.

ಇವಲ್ಲದೆ 60ರಿಂದ 90 ಗ್ರಾಂ ಸೀಸದ ಗುಂಡುಗಳು, ಸ್ವಿವೆಲ್ (ದಾರ ಹುರಿಗೊಳ್ಳದಂತೆ ಎರಡೂ ಕಡೆ ತಿರುಗುವ ಕೊಂಡಿ), ಬೆಂಡು, ಒಂದು ಮೀಟರ್ ಅಗಲದ ಬಾಯಿಯ ಹಿಡಿಬಲೆ, ಕೊಕ್ಕೆ ಬಿಡಿಸಲು ಉದ್ದ ಮೂತಿಯ ಚಿಮಟ, ಮೀನು ಮಲಗಿಸಲು ಮೆತ್ತನೆಯ ಹಾಸು. ದೊಡ್ಡ ಮೀನಿಗೆಂದು ಹೊರಟವರು ಸಣ್ಣ ಹಿಡಿಬಲೆ ಒಯ್ಯುವುದು ವಿಚಿತ್ರವಾದರೂ ಬಲು ಸಾಮಾನ್ಯ. ಬಲೆಯೊಳಗೆ ಅರ್ಧ ತೂರಿ ಹೊರಜಾರಿದ ಮೀನುಗಳ ಲೆಕ್ಕ ಇಟ್ಟವರಿಲ್ಲ.

1. ದೊಡ್ಡ ಮೀನು ಇರುವ ನೀರನ್ನೇ ಆರಿಸಿ

ಇಲ್ಲದ ಮೀನು ಎಂಥ ಎರೆಗೂ ಬೀಳುವುದಿಲ್ಲ. ಮರಿಗಳು ಕಿಕ್ಕಿರಿದ ಕೊಳದಲ್ಲಿ ಪ್ರತಿ ಮೀನಿಗೂ ಸಿಗುವ ಆಹಾರ ಕಡಿಮೆ, ಹಾಗಾಗಿ ಬೆಳವಣಿಗೆಯೂ ಕುಂಠಿತ. ಅರ್ಧ ಗಂಟೆಗೊಂದು ಚಿಕ್ಕ ಮೀನು ಸುಲಭವಾಗಿ ಸಿಗುವ ನೀರಿಗಿಂತ, “ಅಲ್ಲೇನೂ ಸಿಗೊಲ್ಲ ಬಿಡಿ” ಎಂದು ಜನ ಕೈಬಿಟ್ಟ ನೀರಿನಲ್ಲಿ ದೊಡ್ಡದಿರುವ ಸಂಭವ ಹೆಚ್ಚು. ನೀರಿನ ವಿಸ್ತಾರ ನೋಡಿ ಮೋಸಹೋಗಬೇಡಿ. 1952ರಲ್ಲಿ ಇಂಗ್ಲೆಂಡಿನ ಗಾಳಗಾರ ರಿಚರ್ಡ್ ವಾಕರ್ 44 ಪೌಂಡಿನ, ಎಂದರೆ ಸುಮಾರು 20 ಕಿಲೋ ತೂಕದ ಗೆಂಡೆ ಹಿಡಿದು ಬ್ರಿಟಿಷ್ ದಾಖಲೆ ಮಾಡಿದ ರೆಡ್‌ಮೈರ್ ಕೊಳದ ವಿಸ್ತಾರ ಮೂರೇ ಎಕರೆ.

ಗಾಳ ಹಾಕಲು ಅನುಮತಿ ಬೇಕೇ, ಸಂತಾನದ ಕಾಲದಲ್ಲಿ ನಿಷೇಧವಿದೆಯೇ, ಹಿಡಿದ ಮೀನನ್ನು ಬಿಡಲೇಬೇಕೆಂಬ ನಿಯಮವಿದೆಯೇ ಎಂಬುದನ್ನು ಆ ನೀರನ್ನು ನೋಡಿಕೊಳ್ಳುವವರಿಂದಲೇ ಮೊದಲು ತಿಳಿದುಕೊಳ್ಳಿ. ನೀರು 18–20 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗುವ ಹೊತ್ತಿಗೆ ಗೆಂಡೆಗಳು ಆಳವಿಲ್ಲದ ಜೊಂಡಿನಲ್ಲಿ ಗುಂಪುಗೂಡಿ ಹೊರಳಾಡುತ್ತ ಮೊಟ್ಟೆಯಿಡುತ್ತವೆ. ಆಗ ಅವು ತಿನ್ನುವುದೂ ಇಲ್ಲ, ಅವನ್ನು ಕೆಣಕುವುದು ನ್ಯಾಯವೂ ಅಲ್ಲ.

2. ಮೊದಲ ದಿನ ಕೋಲು ಬಿಚ್ಚಬೇಡಿ, ನೋಡಿ

ಇದನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳಲೇಬೇಕು. ನಸುಕಿನಲ್ಲಿ ಹೋಗಿ, ಎರಡು ಗಂಟೆ ದಡದ ಸುತ್ತ ನಡೆಯಿರಿ. ನೀರಿನ ಹೊಳಪು ತಗ್ಗಿಸುವ ಪೋಲರೈಸ್ಡ್ ಕನ್ನಡಕ ಇದ್ದರೆ ಕಾಣದ್ದೆಲ್ಲ ಕಾಣುತ್ತದೆ. ನೋಡಬೇಕಾದ ಗುರುತುಗಳಿವು:

ಗುಳ್ಳೆಗಳು: ಗೆಂಡೆ ಕೆಸರು ಕೆದಕಿದಾಗ ಸಣ್ಣ ಗುಳ್ಳೆಗಳ ಗೊಂಚಲು ಮೇಲೇಳುತ್ತದೆ. ತಳದಲ್ಲಿ ಕೊಳೆತ ಎಲೆಗಳಿಂದಲೂ ಗುಳ್ಳೆ ಬರುತ್ತದೆ, ಆದರೆ ಅದು ಒಂದೇ ಜಾಗದಲ್ಲಿ ಬರುತ್ತಿರುತ್ತದೆ. ಮೀನಿನ ಗುಳ್ಳೆ ಸರಿಯುತ್ತ ಹೋಗುತ್ತದೆ.

ಕದಡಿದ ನೀರು: ಸುತ್ತ ತಿಳಿಯಿದ್ದು ಒಂದು ಕಡೆ ಮಾತ್ರ ಕೆಂಪಗೆ ಅಥವಾ ಬೂದುಬಣ್ಣಕ್ಕೆ ಕದಡಿದ್ದರೆ ಅಲ್ಲಿ ಮೀನು ಮೇಯುತ್ತಿದೆ.

ಜೊಂಡಿನ ಅಲುಗಾಟ: ಗಾಳಿಯಿಲ್ಲದಿದ್ದರೂ ಒಂದೆರಡು ದಂಟು ಮಾತ್ರ ಮಿಡಿದರೆ, ಬುಡದಲ್ಲಿ ಯಾರೋ ದಾರಿ ಬಿಡಿಸಿಕೊಂಡು ಹೋಗುತ್ತಿದ್ದಾರೆ.

ಮೀನು ಹೊರಳುವುದು: ಪೂರ್ತಿ ಎಗರುವ ಮೀನಿಗಿಂತ, ಸದ್ದಿಲ್ಲದೆ ಬೆನ್ನು ತೋರಿಸಿ ಮುಳುಗುವ ಮೀನಿನ ಜಾಗವನ್ನು ಗುರುತು ಹಾಕಿಕೊಳ್ಳಿ. ಅಂಥ ಜಾಗದ ಕೆಳಗೆ ಮೇವು ಇರುವುದೇ ಹೆಚ್ಚು.

ಗಾಳಿಯ ಲೆಕ್ಕವೂ ಇದೆ. ಬೆಚ್ಚನೆಯ ಗಾಳಿ ಒಂದೇ ದಿಕ್ಕಿಗೆ ಒಂದೆರಡು ದಿನ ಬೀಸಿದರೆ, ಮೇಲ್ಪದರದ ಬೆಚ್ಚಗಿನ ನೀರು ಮತ್ತು ಅದರಲ್ಲಿ ತೇಲುವ ಆಹಾರ ಎದುರು ದಡಕ್ಕೆ ಸೇರುತ್ತವೆ, ಮೀನೂ ಅತ್ತ ಸೇರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ದಡದಲ್ಲಿ ಕೂರಲು ಕಷ್ಟ, ಎಸೆಯಲು ಇನ್ನೂ ಕಷ್ಟ. ಆದರೂ ಅಲ್ಲಿಯೇ ಕೂರಬೇಕು. ಕೊರೆಯುವ ತಣ್ಣನೆ ಗಾಳಿಯಾದರೆ ಇದು ತಿರುಗುಮುರುಗು, ಗಾಳಿ ಮರೆಯಾದ ಕಡೆ ನೋಡಿ.

ದೊಡ್ಡ ತಪ್ಪೊಂದು ಇಲ್ಲೇ ಆಗುವುದು: ದೊಡ್ಡ ಮೀನು ನಡುನೀರಿನಲ್ಲೇ ಇರುತ್ತದೆಂದು ಆದಷ್ಟು ದೂರ ಎಸೆಯುವುದು. ಸದ್ದಿಲ್ಲದ ದಡವಾದರೆ ಮುಸ್ಸಂಜೆಗೆ ದೊಡ್ಡ ಗೆಂಡೆಗಳು ದಡದಂಚಿಗೇ ಬಂದು, ಒಂದು ಮೀಟರ್ ಆಳದಲ್ಲೂ ಮೇಯುತ್ತವೆ. ಬಸವನಹುಳು, ಕೀಟದ ಮರಿ, ಮರದಿಂದ ಉದುರಿದ್ದು ಎಲ್ಲ ಸಿಗುವುದು ಅಲ್ಲೇ.

3. ತಳವನ್ನು ಕೈಯಿಂದ ಓದಿ

ಬರಿಯ ಗುಂಡನ್ನು ದಾರಕ್ಕೆ ಕಟ್ಟಿ ಎಸೆಯಿರಿ. ಅದು ತಳ ಮುಟ್ಟಿದ್ದು ಕೈಗೆ ತಿಳಿಯುವವರೆಗೆ ಮನಸ್ಸಿನಲ್ಲೇ ಎಣಿಸಿ. ನಾಲ್ಕಾರು ಕಡೆ ಹೀಗೆ ಎಣಿಸಿದರೆ ಎಲ್ಲಿ ಆಳ, ಎಲ್ಲಿ ದಿಬ್ಬ ಎಂಬ ನಕ್ಷೆ ಸಿಗುತ್ತದೆ. ಆಮೇಲೆ ಕೋಲನ್ನು ಪಕ್ಕಕ್ಕೆ ನಿಧಾನವಾಗಿ ಸರಿಸುತ್ತ ಗುಂಡನ್ನು ಎಳೆಯಿರಿ. ಟಕಟಕ ಎಂದು ಕೋಲಿನ ತುದಿ ಬಡಿದುಕೊಂಡರೆ ಗರಸು, ಜಲ್ಲಿ. ಬೆಣ್ಣೆಯಲ್ಲಿ ಎಳೆದಂತೆ ಸಲೀಸಾಗಿ ಬಂದರೆ ಗಟ್ಟಿ ಮಣ್ಣು. ಹೊರಡುವಾಗ ಅಂಟಿಕೊಂಡು ಆಮೇಲೆ ಭಾರವಾಗಿ ಬಂದರೆ ಹೂಳು. ತಡೆತಡೆದು ಕಿತ್ತುಕೊಂಡು ಬಂದರೆ ನೀರುಗಿಡ.

ಜೊಂಡಿನ ಪಕ್ಕದ ಬೋಳು ಜಾಗ, ದಿಬ್ಬದ ಇಳಿಜಾರಿನ ಬುಡ, ಹೂಳಿನ ನಡುವಿನ ಗಟ್ಟಿ ತಾಣ ಸಿಕ್ಕರೆ ಬಿಡಬೇಡಿ. ಸುತ್ತೆಲ್ಲ ಗಿಡವಿದ್ದು ಒಂದು ಕಡೆ ಮಾತ್ರ ಚೊಕ್ಕಟವಾಗಿದ್ದರೆ, ಅಲ್ಲಿ ಮೀನುಗಳೇ ಮೇದು ಮೇದು ಬೋಳಾಗಿಸಿರುವ ಸಾಧ್ಯತೆಯುಂಟು. ಕರಿ ಬಣ್ಣದ, ಕೊಳೆತ ಮೊಟ್ಟೆಯ ವಾಸನೆಯ ಹೂಳು ಗುಂಡಿಗೆ ಮೆತ್ತಿಕೊಂಡು ಬಂದರೆ ಆ ಜಾಗ ಬೇಡ. ಅಲ್ಲಿ ಆಮ್ಲಜನಕವೂ ಇಲ್ಲ, ತಿನ್ನುವಂಥದ್ದೂ ಇಲ್ಲ.

ಎಸೆದ ದೂರ ಮರುಸಲವೂ ಅಷ್ಟೇ ಬರಲು, ದಾರವನ್ನು ರೀಲಿನ ಚಿಕ್ಕ ಕ್ಲಿಪ್ಪಿಗೆ ಸಿಕ್ಕಿಸುವ ಪದ್ಧತಿ ಇದೆ. ಎಚ್ಚರ: ಎಸೆದಾದ ಮೇಲೆ ಕ್ಲಿಪ್ಪಿನಿಂದ ದಾರ ಬಿಡಿಸಲು ಮರೆತರೆ ಡ್ರ್ಯಾಗ್ ಇದ್ದೂ ಇಲ್ಲದಂತೆ. ಮೊದಲ ಓಟಕ್ಕೇ ದಾರ ಹರಿಯುತ್ತದೆ. ಅಷ್ಟೇ ಉದ್ದಕ್ಕೆ ದಾರದ ಮೇಲೆ ಬಣ್ಣದ ನೂಲಿನ ಗಂಟೊಂದನ್ನು ಗುರುತಾಗಿ ಹಾಕಿಕೊಂಡು, ಕ್ಲಿಪ್ ಬಿಡಿಸಿಬಿಡಿ.

4. ಹೊತ್ತು, ಬಿಸಿಲು, ಉಸಿರು

ಗೆಂಡೆ ಚೆನ್ನಾಗಿ ಮೇಯುವುದು ನೀರು ಸುಮಾರು 18ರಿಂದ 24 ಡಿಗ್ರಿ ಇದ್ದಾಗ. 10 ಡಿಗ್ರಿಗಿಂತ ಕೆಳಗಿಳಿದರೆ ದಿನಕ್ಕೆ ಒಂದೆರಡು ಸಲ ಮಾತ್ರ ಬಾಯಾಡಿಸುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 10 ಡಿಗ್ರಿಯಲ್ಲಿ ಲೀಟರಿಗೆ 11 ಮಿಲಿಗ್ರಾಂನಷ್ಟು ಕರಗಬಲ್ಲದಾದರೆ 30 ಡಿಗ್ರಿಯಲ್ಲಿ ಏಳೂವರೆ. ಅದಕ್ಕೇ ಕಡುಬೇಸಿಗೆಯ ಮಧ್ಯಾಹ್ನ ತಳದಲ್ಲಿ ಗಾಳ ಹಾಕಿ ಕೂರುವುದು ಬರಿಯ ತಪಸ್ಸು.

ಬೇಸಿಗೆಯಲ್ಲಿ ಆಳದ ನೀರಿನದು ಇನ್ನೊಂದು ಸಂಗತಿ. ಮೇಲಿನ ಬಿಸಿ ನೀರು ಹಗುರವಾಗಿ ಮೇಲೇ ಉಳಿಯುತ್ತದೆ, ಕೆಳಗಿನ ತಣ್ಣೀರು ಅದರೊಂದಿಗೆ ಬೆರೆಯದೆ ಪದರವಾಗಿ ನಿಲ್ಲುತ್ತದೆ, ಆ ಕೆಳಪದರದ ಆಮ್ಲಜನಕ ಕ್ರಮೇಣ ಮುಗಿಯುತ್ತದೆ. ಅಂಥ ನೀರಿನಲ್ಲಿ “ಅತಿ ಆಳದ ಗುಂಡಿಯಲ್ಲೇ ಅತಿ ದೊಡ್ಡ ಮೀನು” ಎಂಬ ನಂಬಿಕೆ ಕೈಕೊಡುತ್ತದೆ. ನೀರುಗಿಡಗಳಿಗೂ ಒಂದು ಹೊತ್ತಿದೆ. ಹಗಲು ಅವು ಆಮ್ಲಜನಕ ಕೊಡುತ್ತವೆ, ರಾತ್ರಿಯೆಲ್ಲ ತಾವೇ ಬಳಸುತ್ತವೆ. ದಟ್ಟ ಗಿಡಗಳ ನಡುವೆ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ಹಾಗಾಗಿ ನಸುಕಿನಲ್ಲಿ ಗಿಡಗಳಿಂದ ದೂರದ ಬಯಲು ನೀರಿನಲ್ಲಿ ಹಾಕಿ, ಬಿಸಿಲೇರಿದ ಮೇಲೆ ಗಿಡಗಳ ಅಂಚಿಗೆ ಬನ್ನಿ.

5. ಎರೆ: ಚಿಕ್ಕ ಬಾಯಿ ಹೊರಗಿರಲಿ

ಕೊಕ್ಕೆಗೆ ಹಾಕುವುದು ಎರೆ, ಸುತ್ತ ಚೆಲ್ಲುವುದು ಮೇವು. ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿ.

ಎರೆಹುಳು, ಮೆತ್ತನೆ ಹಿಟ್ಟಿನುಂಡೆ, ಬ್ರೆಡ್ಡು ಇವನ್ನು ದೊಡ್ಡ ಗೆಂಡೆಯೂ ಇಷ್ಟಪಡುತ್ತದೆ. ತೊಂದರೆ ಏನೆಂದರೆ, ಅದು ಬರುವಷ್ಟರಲ್ಲಿ ಮರಿಗಳು ಅವನ್ನು ಕುಟುಕಿ ಮುಗಿಸಿರುತ್ತವೆ. ಹೀಗಾಗಿ ಚಿಕ್ಕ ಮೀನು ತುಂಬಿದ ನೀರಿನಲ್ಲಿ ಗಟ್ಟಿ ಎರೆಯೇ ಬೇಕು. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲಿನಲ್ಲಿ ಬಲವಾದ ಹಲ್ಲುಗಳಿವೆ. ಬಸವನಹುಳುವಿನ ಚಿಪ್ಪನ್ನೂ ಅವು ಪುಡಿಮಾಡುತ್ತವೆ. ನಮಗೆ ಗಟ್ಟಿ ಎನಿಸಿದ್ದು ದೊಡ್ಡ ಗೆಂಡೆಗೆ ಗಟ್ಟಿಯೇ ಅಲ್ಲ.

ಸುಲಭವಾಗಿ ಸಿಗುವ ಗಟ್ಟಿ ಎರೆ ಒಣ ಮೆಕ್ಕೆಜೋಳ. 24 ಗಂಟೆ ನೆನೆಹಾಕಿ, ಅದೇ ನೀರಿನಲ್ಲಿ 30 ನಿಮಿಷ ಕುದಿಸಿ, ಅದರಲ್ಲೇ ಆರಲು ಬಿಡಿ. ಕಡಲೆಕಾಳಿಗೂ ಇದೇ ಕ್ರಮ, 20–30 ನಿಮಿಷ ಕುದಿ ಸಾಕು. ನೆನೆಯದ, ಬೇಯದ ಕಾಳನ್ನು ನೀರಿಗೆ ಹಾಕಲೇಬೇಡಿ. ಅದು ಮೀನಿನ ಹೊಟ್ಟೆಯಲ್ಲಿ ಉಬ್ಬಿ ಅಪಾಯ ತರುತ್ತದೆ. ಬಾಯ್ಲಿ ಎಂಬುದು ಹಿಟ್ಟು, ಮೊಟ್ಟೆ ಕಲಸಿ ಉಂಡೆ ಮಾಡಿ ಕುದಿಸಿದ ಎರೆ. ಕುದಿತಕ್ಕೆ ಮೇಲೊಂದು ಗಟ್ಟಿ ಸಿಪ್ಪೆ ಕಟ್ಟುತ್ತದೆ. 15ರಿಂದ 18 ಮಿಲಿಮೀಟರಿನವು ಮಧ್ಯಮ ಗಾತ್ರದವು. ಮರಿಗಳ ಕಾಟ ತಡೆಯದಿದ್ದರೆ 20 ದಾಟಿ, ಇಲ್ಲವೇ ಎರಡನ್ನು ಒಟ್ಟಿಗೆ ಪೋಣಿಸಿ. ವಾಕರ್ ಹಿಡಿದ ಆ ಮೀನು ಬಿದ್ದದ್ದು ಬ್ರೆಡ್ಡಿನ ಎರೆಗೆ ಎಂಬುದನ್ನೂ ನೆನಪಿಡಿ. ಹೊಸ ಹೊಸ ಪರಿಮಳದ ಡಬ್ಬಿಗಳು ಹಿಡಿಯುವುದು ಮೀನಿಗಿಂತ ಹೆಚ್ಚಾಗಿ ಮನುಷ್ಯರನ್ನು.

ಮೇವಿನ ಪ್ರಮಾಣದಲ್ಲಿ ಎಡವುವವರೇ ಹೆಚ್ಚು. ಗೆಂಡೆಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಒಂದೇ ಸಲ ತುಂಬಿಕೊಂಡು ಮಲಗುವ ಪ್ರಾಣಿ ಅದಲ್ಲ, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುವಂಥದ್ದು. ಬೆಚ್ಚನೆ ನೀರಿನಲ್ಲಿ 200–300 ಗ್ರಾಂ ಕಾಳಿನಿಂದ ಶುರುಮಾಡಿ, ಒಂದೊಂದು ಮೀನು ಬಿದ್ದ ಮೇಲೆ ಎರಡು ಹಿಡಿ ಸೇರಿಸಿ. ತಣ್ಣೀರಿನಲ್ಲಿ 20–30 ಕಾಳು, ಅಷ್ಟೇ. ಚೆಲ್ಲಿದ್ದನ್ನು ವಾಪಸು ತೆಗೆಯಲಾಗದು, ಉಳಿದದ್ದು ಕೊಳೆತು ಆ ಜಾಗವನ್ನೇ ಕೆಡಿಸುತ್ತದೆ.

ಮೇವನ್ನು ಪುಡಿಮಾಡಿ ಮೋಡದಂತೆ ಚೆಲ್ಲಬೇಡಿ. ಪುಡಿ ಮರಿಗಳ ಔತಣ. ಎರೆ ಯಾವುದೋ ಮೇವೂ ಅದೇ ಆಗಿರಲಿ, ಇಡಿಯಾಗಿರಲಿ. ಸಾಧ್ಯವಿದ್ದರೆ ಮೂರರಿಂದ ಐದು ದಿನ, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ದಿನಕ್ಕೆ ಅರ್ಧದಿಂದ ಒಂದು ಕಿಲೋ ಹಾಕಿ, ಗಾಳ ಹಾಕಬೇಡಿ. ದೊಡ್ಡ ಮೀನಿನ ಅನುಮಾನ ಕಳೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಿಂದಿನ ದಿನದ್ದು ಹಾಗೇ ಉಳಿದಿದೆ ಎಂದು ಕಂಡರೆ ಅಂದು ಹಾಕಬೇಡಿ.

ಕೈಯ ವಾಸನೆಯೂ ಲೆಕ್ಕಕ್ಕಿದೆ. ಕಾಮನ್ ಕಾರ್ಪಿನ ನಾಲ್ಕು ಮೀಸೆಗಳಲ್ಲಿ ರುಚಿ ತಿಳಿಯುವ ಮೊಗ್ಗುಗಳಿವೆ. ಪೆಟ್ರೋಲು, ಸೊಳ್ಳೆ ಮುಲಾಮು, ಬಿಸಿಲಿನ ಕ್ರೀಮು ಮೆತ್ತಿದ ಕೈಯಿಂದ ಎರೆ ಮುಟ್ಟಬೇಡಿ.

6. ಗಾಳ ಕಟ್ಟುವ ಎರಡು ಬಗೆ

ಕೂದಲ ಗಾಳ: ಗೆಂಡೆ ಎರೆಯನ್ನು ಹೀರಿಕೊಳ್ಳುತ್ತದೆ, ಬಾಯಿಗೆ ಕಬ್ಬಿಣ ತಗುಲಿದರೆ ಊದಿ ಉಗಿಯುತ್ತದೆ. ಇದಕ್ಕೆ ಉಪಾಯವಾಗಿ 1980ರ ಸುಮಾರಿಗೆ ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎರೆಯನ್ನು ಕೊಕ್ಕೆಗೆ ಚುಚ್ಚದೆ, ಅದರ ಪಕ್ಕದಲ್ಲಿ ಒಂದು ಕೂದಲಿನಿಂದ ತೂಗುಬಿಟ್ಟರು. ಕೊಕ್ಕೆ ಪೂರ್ತಿ ಬರಿದಾಗಿರುವುದರಿಂದ ಮೀನು ಎರೆಯನ್ನು ಉಗಿಯುವಾಗ ಕೆಳದುಟಿಗೆ ಚುಚ್ಚಿಕೊಳ್ಳುತ್ತದೆ. ಈಗ ಕೂದಲ ಬದಲು ದಾರದ ತುದಿಯನ್ನೇ ಬಳಸುತ್ತಾರೆ, ಹೆಸರು ಮಾತ್ರ ಉಳಿದಿದೆ. ಕಟ್ಟುವ ಕ್ರಮ:

ಅ. 30 ಸೆಂಟಿಮೀಟರ್ ಮೆತ್ತನೆ ಬ್ರೇಡ್ ದಾರ ಕತ್ತರಿಸಿ, ಒಂದು ತುದಿಗೆ ಸಣ್ಣ ಕುಣಿಕೆ ಹಾಕಿ.
ಆ. ಎರೆಯನ್ನು ಸೂಜಿಯಿಂದ ಕುಣಿಕೆಯ ಮೇಲೆ ಪೋಣಿಸಿ, ಜಾರದಂತೆ ಕುಣಿಕೆಗೆ ಚಿಕ್ಕ ಕಡ್ಡಿಯ ಚೂರು ಸಿಕ್ಕಿಸಿ.
ಇ. ಇನ್ನೊಂದು ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ಬೆನ್ನ ಕಡೆಯಿಂದ ತೂರಿಸಿ. ಎರೆ ಕೊಕ್ಕೆಯ ಬಾಗಿನಿಂದ 5 ಮಿಲಿಮೀಟರ್ ಕೆಳಗೆ ತೂಗುವಷ್ಟು ಎಳೆದು ಹಿಡಿಯಿರಿ.
ಈ. ಆ ತುದಿಯಿಂದ ಕೊಕ್ಕೆಯ ಕಾಂಡವನ್ನೂ ಕೂದಲನ್ನೂ ಸೇರಿಸಿ, ಕಣ್ಣಿನಿಂದ ಕೆಳಕ್ಕೆ 7–8 ಸುತ್ತು ಬಿಗಿಯಾಗಿ ಸುತ್ತಿ.
ಉ. ಮತ್ತೆ ಬೆನ್ನ ಕಡೆಯಿಂದಲೇ ಕಣ್ಣಿಗೆ ತೂರಿಸಿ ಎಳೆಯಿರಿ. ಮುಂದಿನಿಂದ ತೂರಿಸಿದರೆ ಕೊಕ್ಕೆ ತುಟಿಯತ್ತ ತಿರುಗುವುದಿಲ್ಲ, ಮಾಡಿದ್ದೆಲ್ಲ ವ್ಯರ್ಥ.
ಊ. ಉಳಿದ ತುದಿಯನ್ನು ಸ್ವಿವೆಲ್‌ಗೆ ಕಟ್ಟಿ. ಕೊಕ್ಕೆಯಿಂದ ಸ್ವಿವೆಲ್‌ವರೆಗೆ 15–20 ಸೆಂಟಿಮೀಟರ್ ಇರಲಿ.

ಸ್ವಿವೆಲ್ಲಿನ ಮೇಲೆ 60–90 ಗ್ರಾಂ ಗುಂಡು. ಮೀನು ಹೊರಟಾಗ ಆ ಭಾರವೇ ಕೊಕ್ಕೆಯನ್ನು ಒಳಗೆ ನೂಕುತ್ತದೆ. ಒಂದು ಷರತ್ತು: ದಾರ ಹರಿದರೆ ಗುಂಡು ತಾನಾಗಿ ಕಳಚಿಕೊಳ್ಳಬೇಕು, ಇಲ್ಲವೇ ದಾರದ ಮೇಲೆ ಸಲೀಸಾಗಿ ಜಾರಿಹೋಗಬೇಕು. ಗುಂಡನ್ನು ಗಂಟುಹಾಕಿ ಕಟ್ಟಿಬಿಟ್ಟರೆ, ಹರಿದುಕೊಂಡು ಹೋದ ಮೀನು ಅದನ್ನು ಎಳೆದಾಡುತ್ತ ಎಲ್ಲೋ ಗಿಡಕ್ಕೆ ಸಿಕ್ಕಿ ಸಾಯುತ್ತದೆ.

ಎತ್ತುವ ಬೆಂಡು: ದಡದಂಚಿಗೆ ಇದಕ್ಕಿಂತ ಚೆಂದದ ವಿಧಾನವಿಲ್ಲ. ಬೆಂಡನ್ನು ಕೆಳತುದಿಯಲ್ಲಿ ಮಾತ್ರ ದಾರಕ್ಕೆ ಸೇರಿಸಿ. ಬೆಂಡನ್ನು ಮುಳುಗಿಸಬಲ್ಲ ಒಂದೇ ಚಿಕ್ಕ ಗುಂಡನ್ನು ಕೊಕ್ಕೆಯಿಂದ 5–8 ಸೆಂಟಿಮೀಟರ್ ಮೇಲೆ ಕಚ್ಚಿಸಿ. ನೀರಿನ ಆಳಕ್ಕಿಂತ ಒಂದು ಗೇಣು ಹೆಚ್ಚು ದಾರ ಬಿಟ್ಟು ಹಾಕಿ, ಬೆಂಡಿನ ತುದಿಯಷ್ಟೇ ಕಾಣುವಂತೆ ದಾರ ಬಿಗಿಮಾಡಿ, ಕೋಲನ್ನು ಆಧಾರದ ಮೇಲಿಡಿ. ಮೀನು ತಲೆ ತಗ್ಗಿಸಿ ಎರೆ ತೆಗೆದುಕೊಂಡು ಮೈ ನೇರ ಮಾಡಿದಾಗ ಗುಂಡೂ ತಳ ಬಿಡುತ್ತದೆ. ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಏಳತೊಡಗಿದಾಗಲೇ ಕೋಲು ಎತ್ತಿ. “ಇನ್ನೂ ಮುಳುಗಲಿಲ್ಲವಲ್ಲ” ಎಂದು ಕಾದರೆ ಮೀನು ಉಗಿದು ಹೋಗಿರುತ್ತದೆ.

ಗಂಟಿನ ಮಾತು: ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣಗಿದ್ದಂತೆ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಸೊರಗುತ್ತದೆ. ಸ್ವಿವೆಲ್‌ಗೆ, ದಾರವನ್ನು ಎರಡು ಮಡಿಕೆ ಮಾಡಿ ಕಟ್ಟುವ ಪಾಲೊಮರ್ ಗಂಟು ಸರಳ, ಬಲವಾದದ್ದು. ಕಟ್ಟಿದ ಪ್ರತಿಯೊಂದನ್ನೂ ಜೋರಾಗಿ ಎಳೆದು ನೋಡಿ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ, ಅದು ಜಾರಿದರೆ ಕೊಕ್ಕೆ ಬದಲಿಸಿ.

7. ಸದ್ದು, ನೆರಳು

ಗೆಂಡೆಯ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಪುಟ್ಟ ಮೂಳೆಗಳ ಸರಪಳಿಯೊಂದಿದೆ, ಹಾಗಾಗಿ ಅದರ ಕಿವಿ ಬಹಳ ಚುರುಕು. ದಡದಲ್ಲಿ ಧಪಧಪ ನಡೆಯುವುದು, ಕೋಲಿನ ಆಧಾರದ ಗೂಟವನ್ನು ಸುತ್ತಿಗೆಯಿಂದ ಬಡಿಯುವುದು, ಹತ್ತು ನಿಮಿಷಕ್ಕೊಮ್ಮೆ ಎಳೆದು ಮತ್ತೆ ಎಸೆಯುವುದು, ಇವೆಲ್ಲ ದೊಡ್ಡ ಮೀನನ್ನು ಓಡಿಸುವ ಕೆಲಸಗಳು. ಮಾತಾಡಬಹುದು, ಗಾಳಿಯಲ್ಲಿನ ಮಾತು ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ನೆಲದ ಕಂಪನ ಇಳಿಯುತ್ತದೆ. ನೀರಿನಂಚಿನಿಂದ ಎರಡು ಹೆಜ್ಜೆ ಹಿಂದೆ, ತಗ್ಗಿ ಕುಳಿತುಕೊಳ್ಳಿ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಮ್ಮ ನೆರಳನ್ನೇ ಮೇವಿನ ಮೇಲೆ ಚಾಚಬೇಡಿ.

8. ಡ್ರ್ಯಾಗ್ ಹೊಂದಿಸಿ, ಆಮೇಲೆ ಕಾಯಿರಿ

ಡ್ರ್ಯಾಗ್ ದಾರ ಬಿಡಬೇಕಾದದ್ದು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಎಳೆತಕ್ಕೆ. ಸುಮಾರು 6 ಕಿಲೋ ತಡೆಯುವ ದಾರವಾದರೆ ಒಂದೂವರೆಯಿಂದ 2 ಕಿಲೋ. ದಾರವನ್ನು ಕೋಲಿನ ಬಳೆಗಳ ಮೂಲಕವೇ ತಂದು, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಕೋಲು ಬಾಗುವಂತೆ ಎಳೆದು ನೋಡಿ. ಕೈಯಂದಾಜಿನಲ್ಲಿ ಹೊಂದಿಸುವವರು ಬಹುತೇಕ ಅತಿಯಾಗಿ ಬಿಗಿಮಾಡುತ್ತಾರೆ.

ಕಾಯುವಾಗ ಡ್ರ್ಯಾಗನ್ನು ಇನ್ನೂ ಸಡಿಲಿಸಿಡಿ. ದೊಡ್ಡ ಗೆಂಡೆಯ ಮೊದಲ ಓಟಕ್ಕೆ, ನೀವು ಎದ್ದು ಬರುವಷ್ಟರಲ್ಲಿ ಕೋಲು ನೀರು ಪಾಲಾಗುವುದು ಅಪರೂಪವೇನಲ್ಲ. ಕೂದಲ ಗಾಳದಲ್ಲಿ ಮೀನು ಓಡತೊಡಗಿದರೆ ಕೊಕ್ಕೆ ಆಗಲೇ ಚುಚ್ಚಿಕೊಂಡಿದೆ. ಕೋಲನ್ನು ಬೀಸಿ ಹೊಡೆಯುವುದು ಬೇಡ, ಡ್ರ್ಯಾಗ್ ಬಿಗಿಮಾಡಿಕೊಂಡು ಕೋಲು ಬಾಗುವವರೆಗೆ ಎತ್ತಿದರೆ ಸಾಕು.

9. ಸೆಣಸಾಟ

ಮೊದಲ ಓಟವನ್ನು ತಡೆಯಲು ಹೋಗಬೇಡಿ, ಓಡಲಿ. ಕೋಲು 45ರಿಂದ 60 ಡಿಗ್ರಿ ಎತ್ತರದಲ್ಲಿರಲಿ, ಬಾಗಿದ ಕೋಲೇ ಮೀನನ್ನು ದಣಿಸುವ ಸ್ಪ್ರಿಂಗು. ಡ್ರ್ಯಾಗ್ ದಾರ ಬಿಡುತ್ತಿರುವಾಗ ರೀಲಿನ ಹಿಡಿ ತಿರುಗಿಸಬೇಡಿ, ದಾರ ಹುರಿಗೊಳ್ಳುತ್ತದೆಯೇ ಹೊರತು ಮೀನು ಬರುವುದಿಲ್ಲ. ಓಟ ನಿಂತಾಗ ಕೋಲನ್ನು ನಿಧಾನ ಮೇಲೆತ್ತಿ, ಇಳಿಸುತ್ತ ಸುತ್ತಿಕೊಳ್ಳಿ. ಮತ್ತೆ ಎತ್ತಿ, ಮತ್ತೆ ಸುತ್ತಿ.

ಜೊಂಡಿನತ್ತಲೋ ಮುಳುಗಿದ ಮರದತ್ತಲೋ ನುಗ್ಗಿದರೆ ಕೋಲನ್ನು ಮೇಲಕ್ಕಲ್ಲ, ಪಕ್ಕಕ್ಕೆ ಬಾಗಿಸಿ, ಅದು ಹೋಗುವ ದಿಕ್ಕಿಗೆ ವಿರುದ್ಧವಾಗಿ ನೀರಿನ ಮಟ್ಟದಲ್ಲಿ ಎಳೆಯಿರಿ. ಪಕ್ಕದ ಎಳೆತಕ್ಕೆ ತಲೆ ತಿರುಗುತ್ತದೆ, ತಲೆ ತಿರುಗಿದತ್ತ ಮೈ ಹೋಗುತ್ತದೆ. ಆದರೂ ಗಿಡದಲ್ಲಿ ಸಿಕ್ಕಿಕೊಂಡರೆ ಜಗ್ಗಬೇಡಿ. ಒಂದೇ ಸಮನೆ ಬಿಗಿ ಹಿಡಿದು ನಿಲ್ಲಿ. ಅಲುಗದಿದ್ದರೆ ದಾರವನ್ನು ಪೂರ್ತಿ ಸಡಿಲಿಸಿ ಐದಾರು ನಿಮಿಷ ಕಾಯಿರಿ. ಎಷ್ಟೋ ಸಲ ಅದು ಬಂದ ದಾರಿಯಲ್ಲೇ ಹೊರಬರುತ್ತದೆ.

ದಾರ ಹರಿಯಿತೇ? ಬೈಯುವ ಮೊದಲು ತುದಿ ನೋಡಿ. ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ಒರಟಾಗಿ ನಾರೆದ್ದಿದ್ದರೆ ಕಲ್ಲಿಗೋ ಚಿಪ್ಪಿಗೋ ಉಜ್ಜಿದೆ. ತುದಿ ಚೊಕ್ಕವಾಗಿ ಹರಿದಿದ್ದರೆ ಎಳೆತ ಅತಿಯಾಯಿತು, ಎಂದರೆ ಡ್ರ್ಯಾಗ್ ಬಿಗಿ ಇತ್ತು. ಕೊಕ್ಕೆಯೇ ನೇರವಾಗಿ ಬಂದಿದ್ದರೆ ತಂತಿ ತೆಳುವಾಯಿತು.

10. ಬಲೆ, ಕೈ, ಮತ್ತೆ ನೀರು

ಬಲೆಯನ್ನು ಮೊದಲೇ ನೆನೆಸಿ, ನೀರಿನಲ್ಲಿ ಮುಳುಗಿಸಿ, ಅಲುಗಿಸದೆ ಹಿಡಿಯಿರಿ. ಮೀನನ್ನು ಬಲೆಯ ಮೇಲಕ್ಕೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಹೋಗಬೇಡಿ. ಹತ್ತಿರದಲ್ಲಿ ಬಲೆ ಬೀಸಿದರೆ ಮೀನು ಮತ್ತೊಮ್ಮೆ ಗಾಬರಿಯಿಂದ ನುಗ್ಗುತ್ತದೆ, ದಾರದ ಉದ್ದ ಕಡಿಮೆಯಾಗಿರುವುದರಿಂದ ಹರಿಯುವುದೂ ಆಗಲೇ. ತಲೆ ಬಲೆಯ ಒಳಅಂಚು ದಾಟಿದ ಮೇಲೆ ಎತ್ತಿ. ಬಲೆಯನ್ನು ಅದರ ಹಿಡಿಯಿಂದ ಎತ್ತಿದರೆ ಹಿಡಿ ಮುರಿಯುತ್ತದೆ. ಬಲೆಯನ್ನು ಕೈಯಿಂದ ಮಡಿಚಿ ಹಿಡಿದು ಎತ್ತಬೇಕು.

ಹಾಸನ್ನು ಒದ್ದೆ ಮಾಡಿ, ಕೈಯನ್ನೂ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಸೋಂಕಿಗೆ ಅಡ್ಡನಿಲ್ಲುವುದು ಆ ಲೋಳೆಯೇ. ಕಿವಿರಿಗೆ ಬೆರಳು ಹಾಕಬೇಡಿ. ಕೊಕ್ಕೆ ಆಳಕ್ಕೆ ಹೋಗಿ ಬಾರದಿದ್ದರೆ ಕಿತ್ತಾಡದೆ, ದಾರವನ್ನು ಆದಷ್ಟು ಹತ್ತಿರಕ್ಕೆ ಕತ್ತರಿಸಿ ಬಿಡಿ. ಫೋಟೋ ತೆಗೆಯುವುದಿದ್ದರೆ ಕ್ಯಾಮೆರಾ ಮೊದಲೇ ಸಿದ್ಧವಿರಲಿ, ಮಂಡಿಯೂರಿ ಹಾಸಿನ ಮೇಲೆಯೇ ಮೀನು ಹಿಡಿಯಿರಿ. ಎದೆಯೆತ್ತರದಿಂದ ಕೈಜಾರಿ ಬಿದ್ದ ದೊಡ್ಡ ಗೆಂಡೆ ಬದುಕುವುದು ಅನುಮಾನ. ನೀರಿನ ಹೊರಗಿನ ಹೊತ್ತು ಒಂದು ನಿಮಿಷ ದಾಟದಿರಲಿ.

ತೂಗಲು ತಕ್ಕಡಿ ಇಲ್ಲದಿದ್ದರೆ ಅಂದಾಜಿಗೊಂದು ಲೆಕ್ಕ: ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ ಮತ್ತು ಮೈಯ ಅತಿ ದಪ್ಪ ಜಾಗದ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿ. 70 ಸೆಂಟಿಮೀಟರ್ ಉದ್ದ, 50 ಸುತ್ತಳತೆಯ ಮೀನು ಸುಮಾರು 6 ಕಿಲೋ.

ಬಿಡುವಾಗ ಎಸೆಯಬೇಡಿ. ನೀರಿನಲ್ಲಿ ನೆಟ್ಟಗೆ ಹಿಡಿದು, ಅದು ತಾನಾಗಿ ಬಾಲ ಬೀಸಿ ಕೈಬಿಡಿಸಿಕೊಳ್ಳುವವರೆಗೆ ಕಾಯಿರಿ. ಬಿಸಿನೀರಿನ ದಿನಗಳಲ್ಲಿ ಇದಕ್ಕೆ ಹಲವು ನಿಮಿಷ ಬೇಕಾಗಬಹುದು. ಮುಂದಿನ ಎಸೆತಕ್ಕೆ ಮೊದಲು ಕೊನೆಯ ಎರಡು ಮೀಟರ್ ದಾರವನ್ನು ಬೆರಳ ನಡುವೆ ಎಳೆದು ನೋಡಿ. ಎಲ್ಲಾದರೂ ತರಿತರಿ ಎನಿಸಿದರೆ ಅಷ್ಟನ್ನೂ ಕತ್ತರಿಸಿ, ತುಂಡನ್ನು ಜೇಬಿಗೆ ಹಾಕಿಕೊಂಡು, ಗಂಟನ್ನು ಹೊಸದಾಗಿ ಕಟ್ಟಿ.